ಸಾಲ ಕೊಟ್ಟವನ ಪಾಲು

ಅಂಬ್ರೋಸಿಯಸ್ ಎಹಿಂಗರ್ ಎಂಬ ಜರ್ಮನನನ್ನು ಧೀರ ಅನ್ವೇಷಕನೆಂದು ಕೊಂಡಾಡುವವರುಂಟು. ಕ್ರೂರಿಯೆಂದು ಜರಿದು ಅಲ್ಲಿಗೇ ಸುಮ್ಮನಾಗುವವರೂ ಉಂಟು. ಆದರೆ ಆತನು ಯಾರ ನೌಕರನಾಗಿದ್ದನೆಂಬುದನ್ನು ಈ ಎರಡು ಪಕ್ಷದವರೂ ವಿಚಾರಿಸುವುದಿಲ್ಲ.

ಆಗ್ಸ್‌ಬರ್ಗ್ ನಗರದ ವೆಲ್ಸರ್ ಎಂಬ ವರ್ತಕ ಮನೆತನವು, ಸ್ಪೇನಿನ ದೊರೆ ಚಾರ್ಲ್ಸನು 1519ರಲ್ಲಿ ಚಕ್ರವರ್ತಿಯಾಗಿ ಆಯ್ಕೆಯಾಗಲು ಸುಮಾರು 1,43,000 ಗಿಲ್ಡರುಗಳನ್ನು ಒದಗಿಸಿತ್ತು. 1528ರಲ್ಲಿ ಅದೇ ಚಕ್ರವರ್ತಿಯು ದಕ್ಷಿಣ ಅಮೆರಿಕದ ವೆನೆಜುವೆಲಾ ಪ್ರಾಂತ್ಯದ ಆಡಳಿತವನ್ನು ಒಪ್ಪಂದದ ಮೂಲಕ ಆ ಮನೆತನದವರಿಗೆ ವಹಿಸಿಕೊಟ್ಟನು. 4,000 ಆಫ್ರಿಕನ್ ಗುಲಾಮರನ್ನು ಸಾಗಿಸುವ ಪರವಾನಗಿಯೂ ಅದೇ ವರ್ಷ ದೊರೆಯಿತು. ಹೀಗೆ ಮನುಷ್ಯರು ಖಾತೆಪುಸ್ತಕದ ಸರಕಾದರು.

1529ರಲ್ಲಿ ಎಹಿಂಗರನು ಗವರ್ನರನಾಗಿ ಕೋರೋ ಪಟ್ಟಣಕ್ಕೆ ಬಂದಿಳಿದನು. ಅದೇ ವರ್ಷ ಮರಕೈಬೋ ಸರೋವರದ ದಡದಲ್ಲಿ ನೆಲೆಯೊಂದನ್ನು ಸ್ಥಾಪಿಸಿದನು. 1531ರಲ್ಲಿ ಚಿನ್ನವನ್ನರಸಿ ಪಶ್ಚಿಮಕ್ಕೆ ನಡೆದನು. ದಾರಿಯ ಹಳ್ಳಿಗಳು ಸುಲಿಗೆಗೊಳಗಾದವು. ಮೂಲನಿವಾಸಿಗಳ ಕೊರಳಿಗೆ ಸರಪಳಿ ಬಿಗಿದು ಹೊರೆ ಹೊರಿಸಲಾಯಿತು. ಸುಲಿದ ಚಿನ್ನವನ್ನು ಕೋರೋಗೆ ಒಯ್ಯಲು ಕಳುಹಿಸಿದ ತಂಡವು ಅಡವಿಯಲ್ಲಿ ದಾರಿತಪ್ಪಿ, ಚಿನ್ನವನ್ನು ಹೂತಿಟ್ಟು, ಹಸಿವಿನಿಂದ ನಾಶವಾಯಿತು. ಅವರಲ್ಲಿ ಬದುಕುಳಿದ ಫ್ರಾನ್ಸಿಸ್ಕೋ ಮಾರ್ಟಿನ್ ಎಂಬಾತನಿಗೆ ಆಶ್ರಯವಿತ್ತವರು ಆ ಮೂಲನಿವಾಸಿಗಳೇ! 1533ರಲ್ಲಿ, ಇಂದಿನ ಕೊಲಂಬಿಯಾದ ನೆಲದಲ್ಲಿ, ಎಹಿಂಗರನು ಬಾಣದ ಗಾಯದಿಂದ ಸತ್ತನು.

'ಆ ಕಾಲವೇ ಅಂತಹುದು' ಎಂಬ ಸಮಾಧಾನವು ಸಲ್ಲದು. 1511ರಲ್ಲಿಯೇ ಮಾಂಟೆಸಿನೋಸ್ ಎಂಬ ಪಾದ್ರಿಯು ಹಿಸ್ಪಾನಿಯೋಲಾ ದ್ವೀಪದಲ್ಲಿ, ಸ್ಪೇನಿಗರ ಎದುರಿನಲ್ಲಿಯೇ, ಈ ಹಿಂಸೆಯನ್ನು ಖಂಡಿಸಿದ್ದನು. 1552ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಲಾಸ್ ಕಾಸಾಸನು ವೆನೆಜುವೆಲಾದ ಜರ್ಮನ್ ವರ್ತಕರ ಆಳ್ವಿಕೆಯನ್ನು ದೂಷಿಸಿದನು. ಅಧರ್ಮವನ್ನು ಅಧರ್ಮವೆಂದು ಗುರುತಿಸಬಲ್ಲ ಕಣ್ಣುಗಳು ಆ ಕಾಲಕ್ಕೂ ಇದ್ದವು.

'ದೂರದ ಗದ್ದುಗೆಯಲ್ಲಿ ಕುಳಿತ ಸಾಹುಕಾರನಿಗೆ ಇದೆಲ್ಲ ಹೇಗೆ ತಿಳಿದೀತು?' ಎಂಬುದು ಇನ್ನೊಂದು ವಾದ. ಆದರೆ ಎದುರುನಿಂತ ಮೂಲನಿವಾಸಿಗಳನ್ನು ಗುಲಾಮರನ್ನಾಗಿಸಲು ಆ ಒಪ್ಪಂದವೇ ಅವಕಾಶವಿತ್ತಿತ್ತು. ಎಹಿಂಗರನು ಸತ್ತ ಬಳಿಕವೂ ಮನೆತನವು ಹಿಂದೆಗೆಯಲಿಲ್ಲ. 1535ರಲ್ಲಿ ಹೋಹರ್ಮುತ್, 1541ರಲ್ಲಿ ಫಿಲಿಪ್ ಫಾನ್ ಹುಟ್ಟೆನ್ ಅದೇ ಚಿನ್ನದ ಬೆನ್ನುಹತ್ತಿ ಹೊರಟರು. 1546ರಲ್ಲಿ ಹುಟ್ಟೆನನೊಡನೆ ವೆಲ್ಸರರ ಮಗನನ್ನೂ ಸ್ಪೇನಿನ ಅಧಿಕಾರಿಯೊಬ್ಬನು ಕೊಲ್ಲಿಸಿದನು. 1556ರಲ್ಲಿ ಪ್ರಾಂತ್ಯವು ಕೈಬಿಟ್ಟಿತು. 1614ರಲ್ಲಿ ಮನೆತನವು ದಿವಾಳಿಯಾಯಿತು.

ಈ ದಿವಾಳಿಯನ್ನು ದಂಡನೆಯೆಂದು ತಿಳಿದು ಸಮಾಧಾನಪಡುವುದೂ ತಪ್ಪು. ನಷ್ಟವಾದುದರಿಂದ ಆ ವ್ಯವಹಾರವು ಅಧರ್ಮವಾಗಲಿಲ್ಲ. ಲಾಭವಾಗಿದ್ದರೂ ಅದು ಅಧರ್ಮವೇ. ಕತ್ತಿ ಹಿಡಿದವನ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಕತ್ತಿಗೆ ಹಣ ಕೊಟ್ಟವನು ಗೌರವಸ್ಥನೆನಿಸುತ್ತಾನೆ. ಹಣವನ್ನು ತೊಡಗಿಸುವ ಪ್ರತಿಯೊಬ್ಬ ವರ್ತಕನೂ, ಪ್ರತಿಯೊಂದು ಸಂಸ್ಥೆಯೂ ಬಡ್ಡಿ ಎಷ್ಟೆಂದು ಕೇಳುವ ಮೊದಲು, ಆ ಹಣವು ಯಾರ ಕೊರಳಿಗೆ ಸರಪಳಿಯಾಗುತ್ತದೆಂದು ಕೇಳಬೇಕು.