ಹೊಸ ಅಂಗಳ, ಮತ್ತೆ ಭಕ್ತಸ್ಥಲ



ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿ ಆಟವೆಂದರೆ ಓದಿಗೆ ಅಡ್ಡಿ ಎಂಬ ಭಾವನೆಯಿತ್ತು. ಇಂದು ಆ ಭಾವನೆ ಬಹುಮಟ್ಟಿಗೆ ಸಡಿಲಗೊಂಡಿದೆ. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾಯಿತು. ಮಹಾರಾಜ ಟ್ರೋಫಿ ಕ್ರಿಕೆಟ್ ಪಂದ್ಯಾವಳಿಯನ್ನು 2023ರಲ್ಲಿ ಹುಬ್ಬಳ್ಳಿಯ ಹೆಸರು ಹೊತ್ತ ತಂಡವೇ ಗೆದ್ದಿತು. ಪ್ರಾಮಾಣಿಕವಾಗಿ ಆಡಿದರೆ ಆಟವೂ ಒಂದು ಕಾಯಕವೆಂಬುದನ್ನು ಹಿರಿಯರು ಒಪ್ಪಿಕೊಳ್ಳುತ್ತಿದ್ದಾರೆ. ಆದರೆ ಇದರೊಡನೆ ಹೊಸದೊಂದು ಕಳವಳವೂ ಮನೆ ಹೊಕ್ಕಿದೆ. ಕಾಲೇಜಿನಲ್ಲಿ ಎಲ್ಲರನ್ನೂ ಮೀರಿಸುತ್ತಿದ್ದ ಮಗನೋ ಮಗಳೋ ಸಂಬಳದ ಆಟಕ್ಕೆ ಸೇರಿದ ಮೊದಲ ವರ್ಷವೇ ಮಂಕಾಗುವುದೇಕೆ? ಪ್ರತಿಭೆ ಬತ್ತಿತೇ, ಇಲ್ಲವೇ ಶ್ರದ್ಧೆ ಕುಂದಿತೇ?

ಎರಡೂ ಅಲ್ಲವೆಂದೇ ನಮ್ಮ ಉತ್ತರ. ಬದಲಾದುದು ಅಳತೆ. ಈ ಮಾತು ಸ್ಪಷ್ಟವಾಗಬೇಕಾದರೆ ಬಾಸ್ಕೆಟ್‌ಬಾಲ್ ಆಟವನ್ನು ನೋಡಬೇಕು. ಅಲ್ಲಿ ಈ ವ್ಯತ್ಯಾಸವನ್ನು ಗಡಿಯಾರದಿಂದಲೂ ಅಳತೆಪಟ್ಟಿಯಿಂದಲೂ ತೋರಿಸಬಹುದು. ಅಮೆರಿಕದಲ್ಲಿ ಕಾಲೇಜು ಪಂದ್ಯ 40 ನಿಮಿಷದ್ದಾದರೆ ಅಲ್ಲಿಯ ಎನ್‌ಬಿಎ ಎಂಬ ವೃತ್ತಿಪರ ಕೂಟದ ಪಂದ್ಯ 48 ನಿಮಿಷದ್ದು. ಕಾಲೇಜು ಹುಡುಗ ವರ್ಷಕ್ಕೆ ಮೂವತ್ತು ಚಿಲ್ಲರೆ ಪಂದ್ಯಗಳನ್ನಾಡಿದರೆ, ಇಲ್ಲಿ ಒಂದು ತಂಡ 82 ಪಂದ್ಯಗಳನ್ನಾಡಬೇಕು. ಚೆಂಡು ಕೈಗೆ ಬಂದ ಮೇಲೆ ಬುಟ್ಟಿಗೆ ಎಸೆಯಲು ಅಲ್ಲಿ 30 ಸೆಕೆಂಡು, ಇಲ್ಲಿ 24. ಮೂರು ಅಂಕ ತರುವ ಗೆರೆ ಅಲ್ಲಿ ಬುಟ್ಟಿಯಿಂದ 6.75 ಮೀಟರ್, ಇಲ್ಲಿ 7.24. ಅರ್ಧ ಮೀಟರ್ ಏನು ಮಹಾ ಎನ್ನಬೇಡಿರಿ. ಸಾವಿರ ಸಲ ಎಸೆದು ತೋಳು ಕಲಿತ ಲೆಕ್ಕವೆಲ್ಲ ಆ ಅರ್ಧ ಮೀಟರಿನಲ್ಲಿ ತಪ್ಪಿಹೋಗುತ್ತದೆ.

ಇದು ಕಣ್ಣಿಗೆ ಕಾಣುವ ಮಾತಾಯಿತು. ಕಾಣದ್ದು ಇನ್ನೂ ದೊಡ್ಡದು. ತನ್ನೂರಿನಲ್ಲಿ ಮೊದಲಿಗನಾಗಿದ್ದವನು ಈಗ ಬೇರೆ ಬೇರೆ ಊರುಗಳ ಮೊದಲಿಗರ ನಡುವೆ ನಿಲ್ಲುತ್ತಾನೆ. ಅವರೋ ಮೈಬಲಿತವರು, ಹತ್ತು ವರ್ಷ ಆಡಿ ಪಳಗಿದವರು. ನಿನ್ನೆಯವರೆಗೆ ತಂಡದ ಆಟವೆಲ್ಲ ಇವನ ಸುತ್ತ ತಿರುಗುತ್ತಿತ್ತು. ಇಂದು ಬೆಂಚಿನ ಮೇಲೆ ಕುಳಿತು, ಕರೆದಾಗ ಐದು ನಿಮಿಷ ಆಡಿ, ಮತ್ತೆ ಬಂದು ಕುಳಿತುಕೊಳ್ಳಬೇಕು. ಪರಊರಿನ ಅನ್ನ, ರಾತ್ರಿಯ ಪಯಣ, ಒಂಟಿ ಕೋಣೆ, ಎಂದೂ ಕಾಣದಷ್ಟು ಹಣ; ಇವೆಲ್ಲ ಒಮ್ಮೆಲೇ ಎರಗಿದಾಗ ಇಪ್ಪತ್ತರ ಪ್ರಾಯದ ಮನಸ್ಸು ತತ್ತರಿಸುವುದು ಸಹಜ.

ಕೋಬಿ ಬ್ರಯಂಟ್ ಎಂಬ ಹೆಸರನ್ನು ನಿಮ್ಮ ಮನೆಯ ಮಕ್ಕಳು ಬಲ್ಲರು. ಅವರು ಕಾಲೇಜು ಮೆಟ್ಟಿಲನ್ನೂ ಹತ್ತದೆ ಶಾಲೆಯಿಂದ ನೇರವಾಗಿ 1996ರಲ್ಲಿ ವೃತ್ತಿಪರರಾದರು. 1997ರ ಮೇ ತಿಂಗಳಲ್ಲಿ, ಯೂಟಾ ತಂಡದೊಡನೆ ನಡೆದ ನಿರ್ಣಾಯಕ ಪಂದ್ಯದ ಕೊನೆಯ ಘಟ್ಟದಲ್ಲಿ ಅವರೆಸೆದ ನಾಲ್ಕು ಚೆಂಡುಗಳು ಬುಟ್ಟಿಯ ಅಂಚನ್ನೂ ಮುಟ್ಟಲಿಲ್ಲ. ಶಾಲೆಯ ಬಿಡುವಿನ ಪಂದ್ಯಗಳಿಗೆ ಹೊಂದಿಕೊಂಡಿದ್ದ ಕಾಲುಗಳಲ್ಲಿ ದೀರ್ಘ ಋತುವಿನ ಕೊನೆಗೆ ಕಸುವು ಉಳಿದಿರಲಿಲ್ಲ. ಅದನ್ನರಿತ ಆ ಹುಡುಗ ಕಾಲುಗಳನ್ನು ಬಲಪಡಿಸಿಕೊಳ್ಳಲು ಹೊರಟನು. ಮುಂದೆ ಅದೇ ತಂಡಕ್ಕೆ ಇಪ್ಪತ್ತು ಋತು ಆಡಿ, ಐದು ಸಲ ಪ್ರಶಸ್ತಿ ತಂದಿತ್ತನು.

ದೂರದ ಮಾತೇಕೆ? ಗದುಗಿನ ಸುನೀಲ ಜೋಶಿಯವರು ಬಾಲ್ಯದಲ್ಲಿ ಬೆಳಗಿನ ಜಾವ ಎದ್ದು ಹುಬ್ಬಳ್ಳಿಗೆ ಬಂದು ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮರಳಿ ಊರು ಸೇರುತ್ತಿದ್ದರು. 1995-96ರ ರಣಜಿ ಋತುವಿನಲ್ಲಿ ಅವರು 500ಕ್ಕೂ ಮಿಕ್ಕಿ ಓಟ, 50ಕ್ಕೂ ಮಿಕ್ಕಿ ವಿಕೆಟ್ ಗಳಿಸಿದರು. 1996ರ ಜೂನ್‌ನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮೊದಲ ಟೆಸ್ಟ್ ಆಡಿದಾಗ ಒಂದು ವಿಕೆಟ್ಟೂ ಅವರ ಹೆಸರಿಗೆ ಸೇರಲಿಲ್ಲ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರುಗಳಲ್ಲಿ ಕೇವಲ 6 ಓಟ ಕೊಟ್ಟು 5 ವಿಕೆಟ್ ಕಿತ್ತರು. ಟೆಸ್ಟ್ ಪಂದ್ಯದ ಒಂದು ಸರದಿಯಲ್ಲಿ ಐದು ವಿಕೆಟ್ ಪಡೆದುದು 2000ದ ನವೆಂಬರಿನಲ್ಲಿ, ಢಾಕಾದಲ್ಲಿ. ಅದೇ ಪಂದ್ಯದಲ್ಲಿ 92 ಓಟವನ್ನೂ ಹೊಡೆದರು. ಮೊದಲ ಪಂದ್ಯಕ್ಕೂ ಈ ಫಲಕ್ಕೂ ನಡುವೆ ನಾಲ್ಕು ವರ್ಷಗಳಿವೆ ಎಂಬುದನ್ನು ಗಮನಿಸಬೇಕು.

ನಮ್ಮ ಷಟ್‌ಸ್ಥಲ ಸಿದ್ಧಾಂತದಲ್ಲಿ ಈ ವಿಷಯಕ್ಕೆ ಬೆಳಕು ಬೀರುವ ಒಂದು ತತ್ತ್ವವಿದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಆರು ಸ್ಥಲಗಳಲ್ಲಿ ಒಂದೊಂದರೊಳಗೂ ಮತ್ತೆ ಆರಾರು ಸ್ಥಲಗಳನ್ನು ಎಣಿಸಿ ಮೂವತ್ತಾರೆಂದು ಹೇಳುವುದುಂಟು. ಇದರ ಅಭಿಪ್ರಾಯವೇನು? ಮೇಲಿನ ಸ್ಥಲಕ್ಕೇರಿದವನೂ ಅಲ್ಲಿ ಮೊದಲು ಭಕ್ತನಾಗಿಯೇ ನಿಲ್ಲಬೇಕೆಂದು ನಾವು ತಿಳಿಯುತ್ತೇವೆ. ಕೆಳಗಿನ ಮೆಟ್ಟಿಲಿನ ಹಿರಿತನ ಮೇಲಿನ ಮೆಟ್ಟಿಲಿನಲ್ಲಿ ನಡೆಯುವುದಿಲ್ಲ. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಇದನ್ನು ಬಾಳಿ ತೋರಿಸಿದರು. ನೀಲಕಂಠಬುವಾ ಅವರಲ್ಲಿ ಕಲಿತು, ಗ್ರಾಮಫೋನ್ ತಟ್ಟೆಗಳಿಂದ ಹೆಸರಾದ ಮೇಲೆಯೂ ಅವರು ಮಂಜಿಖಾನರ ಮುಂದೆ ಹೊಸ ಶಿಷ್ಯರಾಗಿ ಕುಳಿತರು. 1937ರಲ್ಲಿ ಆ ಗುರುಗಳು ತೀರಿಕೊಂಡಾಗ ಭೂರ್ಜಿಖಾನರಲ್ಲಿ ಕಲಿಕೆ ಮುಂದುವರಿಸಿದರು. ಆಟಗಾರನಿಗೂ ಇದೇ ದಾರಿ. ಬೆಂಚಿನ ಮೇಲಿನ ವರ್ಷವನ್ನು ಅವಮಾನವೆಂದು ಬಗೆದವನು ಒಳಗೇ ಬೇಯುತ್ತಾನೆ. ಪಾಠವೆಂದು ಬಗೆದವನು ಬೆಳೆಯುತ್ತಾನೆ.

ಎಲ್ಲರೂ ದಾಟುತ್ತಾರೆಂದು ಹೇಳಿದರೆ ಅದು ಸುಳ್ಳಾದೀತು. ಪಂಜಾಬಿನ ಹಳ್ಳಿಯ ಸತ್ನಾಮ್ ಸಿಂಗ್ ಭಮರಾ ಅವರನ್ನು 2015ರಲ್ಲಿ ಅಮೆರಿಕದ ಡಲ್ಲಾಸ್ ತಂಡ ಆರಿಸಿಕೊಂಡಾಗ ದೇಶವೇ ಹಿಗ್ಗಿತು. ಆದರೆ ಕೆಳಹಂತದ ಕೂಟದಲ್ಲಿ ಆಡಿದರೇ ಹೊರತು ಎನ್‌ಬಿಎ ಪಂದ್ಯವೊಂದನ್ನಾದರೂ ಆಡುವ ಯೋಗ ಅವರಿಗೆ ಒದಗಲಿಲ್ಲ.

ಆದುದರಿಂದ ಮನೆಯವರ ಹೊಣೆ ಚಿಕ್ಕದಲ್ಲ. ಪಂದ್ಯ ಮುಗಿದ ರಾತ್ರಿ ಫೋನಿನಲ್ಲಿ "ಎಷ್ಟು ಅಂಕ ಬಂತು" ಎಂದು ಕೇಳಬೇಡಿರಿ. "ಊಟ ಆಯಿತೇನಪ್ಪಾ, ಇವತ್ತು ಹೊಸದೇನು ಕಲಿತಿ" ಎಂದು ಕೇಳಿರಿ. ಮೊದಲ ಸಂಬಳವನ್ನು ನೆಚ್ಚಿ ಮನೆ ಕಟ್ಟುವ ಸಾಲ ಎತ್ತಬೇಡಿರಿ. ಆ ಸಾಲದ ಭಾರ ಎಸೆಯುವ ಕೈಯ ಮೇಲೆಯೇ ಬೀಳುತ್ತದೆ. ಪದವಿಯ ಓದು ಅರ್ಧಕ್ಕೆ ನಿಲ್ಲದಿರಲಿ. ಬಂಧುಗಳ ಮದುವೆಯಲ್ಲಿ ಅವನ ಸೋಲನ್ನು ನಗೆಮಾತಾಗಿಸಬೇಡಿರಿ. ತಂಡದ ಹಿರಿಯನೊಬ್ಬನನ್ನು ಅಣ್ಣನೆಂದು ತಿಳಿದು ಕೇಳಿ ಕಲಿಯುವಂತೆ ಮಗನಿಗೆ ಹೇಳಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಗೆದ್ದರೂ ಸೋತರೂ ಮನೆಯ ಬಾಗಿಲು ತನಗೆ ತೆರೆದಿದೆ ಎಂಬ ನೆಚ್ಚಿಕೆ ಅವನಲ್ಲಿರಲಿ. ಕಾಯಕದಲ್ಲಿ ಶ್ರದ್ಧೆ ನಮ್ಮದು. ಫಲ ಪ್ರಸಾದವಾಗಿ ಬರಬೇಕಾದದ್ದು. ಪ್ರಸಾದವನ್ನು ಅವಸರಪಡಿಸುವವರುಂಟೇ?