ಠಾಣೆಗೆ ಬಾರದ ಪಿಸ್ತೂಲು

ಚುನಾವಣೆಯ ನೀತಿಸಂಹಿತೆ ಜಾರಿಯಾದರೆ ಆಳಂದ, ಅಫಜಲಪುರ, ಜೇವರ್ಗಿಯ ಠಾಣೆಗಳಿಗೆ ಒಂದು ಕೆಲಸ ಹೆಚ್ಚುತ್ತದೆ. ಲೈಸೆನ್ಸ್ ಇದ್ದವರ ಬಂದೂಕು ಜಮಾ ಮಾಡಿಸಿಕೊಂಡು, ರಸೀದಿ ಕೊಟ್ಟು, ಮತ ಎಣಿಕೆ ಮುಗಿದ ಮೇಲೆ ಹಿಂದಿರುಗಿಸಬೇಕು. ಗೌಡರು, ಸಾಹುಕಾರರು, ಮಾಜಿ ಸೈನಿಕರು ಗೊಣಗುತ್ತಲೇ ತಂದುಕೊಡುತ್ತಾರೆ. ಕಂಟ್ರಿ ಪಿಸ್ತೂಲು ಇಟ್ಟುಕೊಂಡವನು ಮಾತ್ರ ಆ ಕಡೆ ಹಾಯುವುದಿಲ್ಲ. ಅವನ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲವಲ್ಲ.

ಬಂದೂಕಿನ ಕಾನೂನು ಸಡಿಲಿಸಬೇಕೋ ಬಿಗಿ ಮಾಡಬೇಕೋ ಎಂಬ ವಾದವನ್ನು ನಾವು ಹೆಚ್ಚಾಗಿ ಅಮೆರಿಕದಿಂದ ಕಡ ತಂದಿದ್ದೇವೆ. ಒಳ್ಳೆಯವರ ಕೈಗೆ ಬಂದೂಕು ಕೊಟ್ಟರೆ ಕಳ್ಳರು ಅಂಜುತ್ತಾರೆ ಎನ್ನುವವರು ಒಂದು ಕಡೆ. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಗುಂಡಿಗೆ ಬಲಿಯಾದ ಮೇಲೆ ಆಸ್ಟ್ರೇಲಿಯಾ ಸರ್ಕಾರ ಆರು ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ದುಡ್ಡು ಕೊಟ್ಟು ವಾಪಸು ಪಡೆದದ್ದನ್ನು ತೋರಿಸುವವರು ಇನ್ನೊಂದು ಕಡೆ. ಎರಡೂ ಕಡೆಯವರು ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ತಬ್ಬಿಬ್ಬಾಗುತ್ತಾರೆ.

ಯಾಕೆಂದರೆ ನಮ್ಮದೇ ರಾಜ್ಯದಲ್ಲಿ ಲೆಕ್ಕ ತಿರುವುಮುರುವಾಗಿದೆ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಂತೆ ಕೊಡಗಿನಲ್ಲಿ ಕೊಡವರು ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರು ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳಬಹುದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ ಆ ಜಿಲ್ಲೆಯನ್ನು ಯಾರೂ ಹಂತಕರ ನಾಡು ಎನ್ನಲಿಲ್ಲ. ಲೈಸೆನ್ಸಿಗೆ ವರ್ಷಗಟ್ಟಲೆ ಅಲೆಯುವ ನಮ್ಮ ಭೀಮಾ ತೀರಕ್ಕೆ ಆ ಹೆಸರು ಅಂಟಿತು. ರವಿ ಬೆಳಗೆರೆಯವರ ಪುಸ್ತಕ, 2012ರ ‘ಭೀಮಾ ತೀರದಲ್ಲಿ’ ಸಿನಿಮಾ ಅದನ್ನು ಇನ್ನಷ್ಟು ಗಟ್ಟಿ ಮಾಡಿದವು. ಗಾಣಗಾಪುರದ ದತ್ತನಿಗೆ, ಆಳಂದದ ಲಾಡ್ಲೆ ಮಶಾಕರಿಗೆ ನಡೆದುಕೊಳ್ಳುವ ಲಕ್ಷಾಂತರ ಮಂದಿಗೆ ಇದು ಸಿಟ್ಟು ತರಿಸುವ ಮಾತು. ತರಿಸಲೇಬೇಕು.

ಹಾಗಂತ ಗುಂಡು ಹಾರಲೇ ಇಲ್ಲ ಎನ್ನಲಾಗದು. 2014ರ ಜನವರಿಯಲ್ಲಿ ಕಲಬುರಗಿಯಲ್ಲೇ ಶೂಟರ್ ಮುನ್ನಾ ಹಾರಿಸಿದ ಗುಂಡು ತಗುಲಿ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ಪ್ರಾಣ ಬಿಟ್ಟರು. ನೆರೆಯ ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಲ್ಲೇ ಕೊಂದದ್ದು 7.65 ಎಂ.ಎಂ. ನಾಡ ಪಿಸ್ತೂಲಿನಿಂದ. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶರ ಮೇಲೆ ಹಾರಿದ್ದೂ ಅದೇ ಪಿಸ್ತೂಲಿನ ಗುಂಡು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಒಂದೇ ಕಳ್ಳ ಪಿಸ್ತೂಲು ಎರಡು ವರ್ಷ ಸಿಗದೇ ಉಳಿದು ಇನ್ನೊಂದು ಜೀವ ತೆಗೆಯಿತು. ಲೈಸೆನ್ಸಿನ ನಿಯಮ ಎಷ್ಟು ಬಿಗಿ ಮಾಡಿದ್ದರೂ ಇದನ್ನು ತಡೆಯುತ್ತಿರಲಿಲ್ಲ. ಊರಿಗೆಲ್ಲ ಲೈಸೆನ್ಸ್ ಹಂಚಿದ್ದರೂ ಅಷ್ಟೇ. ಬಾಗಿಲು ಬಡಿದವನಿಗೆ ಬಾಗಿಲು ತೆರೆಯುವ ಹಿರಿಯರು ಕೈಯಲ್ಲಿ ಬಂದೂಕು ಹಿಡಿದು ಬರುವುದಿಲ್ಲ.

2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂತು. ಒಬ್ಬರ ಬಳಿ ಇರಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ಕಳ್ಳತನದಿಂದ ತಯಾರಿಸಿ ಮಾರಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿದರೂ ಜೈಲು. ಕೇಳಲು ಚೆನ್ನಾಗಿದೆ. ಆದರೆ ಅದೇ ಕಾಯ್ದೆಯ 39ನೇ ಕಲಮಿನ ಪ್ರಕಾರ, ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡವನ ಮೇಲೆ ಮೊಕದ್ದಮೆ ನಡೆಸಲು ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂಗಡ ಮಂಜೂರಾತಿ ಬೇಕು. ಆ ಕಾಗದ ಸರಿಯಾಗಿಲ್ಲ, ಪಂಚರು ಉಲ್ಟಾ ಹೊಡೆದರು, ಪಿಸ್ತೂಲು ಕೆಲಸ ಮಾಡುತ್ತದೆಂಬ ತಜ್ಞರ ವರದಿ ಇಲ್ಲ. ಇಷ್ಟೇ ಸಾಕು, ಆರೋಪಿ ಊರಿಗೆ ಬಂದು ಮೀಸೆ ತಿರುವುತ್ತಾನೆ.

ಲೈಸೆನ್ಸ್ ಸಲೀಸು ಮಾಡಿ ಎನ್ನುವ ರೈತರ ಮಾತನ್ನು ತಳ್ಳಿಹಾಕಲಾರೆ. ತೊಗರಿ ಹೊಲಕ್ಕೆ ಹಂದಿ ನುಗ್ಗಿದ ರಾತ್ರಿ ಅವರಿಗೆ ಗೊತ್ತು. ಆದರೆ ಲೈಸೆನ್ಸಿಗೆ ಅರ್ಜಿ ಹಾಕುವ ಎಲ್ಲರ ಹೊಲಕ್ಕೂ ಹಂದಿ ಬರುವುದಿಲ್ಲ. ‘ಹೆಗಲ ಮ್ಯಾಲ ಬಂದೂಕ ಇದ್ರ ನಾಕ ಮಂದಿ ಅಂಜತಾರ’ ಎನ್ನುವ ಪ್ರತಿಷ್ಠೆಯೂ ಆ ಅರ್ಜಿಯಲ್ಲಿ ಇರುತ್ತದೆ. ಅಣ್ಣತಮ್ಮಂದಿರ ಬದುವಿನ ಜಗಳ ಇರುವ ಮನೆಗೆ ಬಂದೂಕು ಹೋಗುವುದನ್ನು ನಾನಂತೂ ಒಪ್ಪಲಾರೆ.

ಇನ್ನು, ಕೊಲ್ಲುವವನಿಗೆ ಬಂದೂಕೇ ಬೇಕೆಂದೇನಿಲ್ಲ. 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳು ಸಾಗಣೆ ತಡೆಯಲು ಹೋದ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಸತ್ತದ್ದು ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು. ಮರಳಿನ ದುಡ್ಡು ಹರಿಯುವವರೆಗೆ ಒಂದಲ್ಲ ಒಂದು ಹತಾರ ಸಿಕ್ಕೇ ಸಿಗುತ್ತದೆ.

ಪಿಸ್ತೂಲು ಸಿಕ್ಕಾಗ ಪೊಲೀಸರು ಮೇಜಿನ ಮೇಲೆ ಜೀವಂತ ಗುಂಡು ಜೋಡಿಸಿ, ಮುಖ ಮುಚ್ಚಿದ ಹುಡುಗರನ್ನು ನಿಲ್ಲಿಸಿ ಫೋಟೊ ಕೊಡುತ್ತಾರೆ. ನಾವೂ ಅಚ್ಚುಹಾಕುತ್ತೇವೆ. ಮಾರಿದವನು ಯಾರು, ಮಾಡಿದವನು ಯಾರು ಎಂಬ ಸುದ್ದಿ ಮಾತ್ರ ಅಪರೂಪ. ಕಲಬುರಗಿಯ ಎಸ್‌ಪಿ ಮತ್ತು ಜಿಲ್ಲಾಧಿಕಾರಿ ತಾಲ್ಲೂಕುವಾರು ಒಂದು ಪಟ್ಟಿ ಹೊರಡಿಸಲಿ: ಹಿಡಿದ ಪಿಸ್ತೂಲು ಎಷ್ಟು, ಮಂಜೂರಾತಿ ಎಷ್ಟು ದಿನಕ್ಕೆ ಸಿಕ್ಕಿತು, ಶಿಕ್ಷೆ ಎಷ್ಟು ಮಂದಿಗೆ ಆಯಿತು, ಮಾರಿದವನವರೆಗೆ ಎಷ್ಟು ಕೇಸು ಮುಟ್ಟಿದವು. ಲೈಸೆನ್ಸಿನ ಚರ್ಚೆಯನ್ನು ಆ ಪಟ್ಟಿ ಕೈಯಲ್ಲಿ ಹಿಡಿದು ಮಾಡೋಣ.