ಉಲೂಖಲ ಸಂಧಿ ಮತ್ತು ಬಾದಾಮಿಯ ಬೆಟ್ಟ

ಸುಶ್ರುತಾಚಾರ್ಯನು ಮನುಷ್ಯಶರೀರದ ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸಿದ್ದಾನೆ. ಅವುಗಳಲ್ಲೊಂದಕ್ಕೆ ಉಲೂಖಲವೆಂದು ಹೆಸರು. ಉಲೂಖಲವೆಂದರೆ ಒರಳು. ಕಂಕುಳು, ತೊಡೆಸಂದು, ಹಲ್ಲಿನ ಬುಡ, ಈ ಮೂರು ಎಡೆಗಳಲ್ಲಿ ಒರಳಿನಂಥ ಸಂಧಿಯುಂಟೆಂಬದು ಆತನ ಮತ. ಇಂದಿನ ಡಾಕ್ಟರರು ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸುವದೂ ಅದನ್ನೇ: ಟೊಂಕದ ಎಲುಬಿನಲ್ಲಿ ಒಂದು ಕುಣಿ, ಅದರೊಳಗೆ ತೊಡೆಯೆಲುಬಿನ ದುಂಡನೆಯ ತಲೆ, ಎರಡರ ನಡುವೆ ಮೃದ್ವಸ್ಥಿಯೆಂಬ ನುಣುಪಾದ ಹೊದಿಕೆ. ಹೊದಿಕೆಯು ಸವೆದುಹೋದರೆ ಎಲುಬಿಗೆ ಎಲುಬು ತಿಕ್ಕಹತ್ತುವದು. ನಮ್ಮ ಎಡಗಡೆಯ ಒರಳಿಗೆ ಈಗ ಆ ಅವಸ್ಥೆಯು ಪ್ರಾಪ್ತವಾಗಿದೆ. ಶಸ್ತ್ರಕ್ರಿಯೆಯಿಂದ ಅದನ್ನು ಬದಲಿಸತಕ್ಕದ್ದೆಂದು ನಿಶ್ಚಯವಾಗಿದೆ. ಸ್ವಂತದ ದೇಹಸ್ಥಿತಿಯನ್ನು ಈ ಪುಟದಲ್ಲಿ ತೋಡಿಕೊಳ್ಳುವ ರೂಢಿ ನಮಗಿಲ್ಲ. ಆದರೆ ನಮ್ಮ ವಾಚಕರಲ್ಲಿ ಅರುವತ್ತು ದಾಟಿದವರೂ ಅಂಥವರನ್ನು ಮನೆಯಲ್ಲಿಟ್ಟುಕೊಂಡು ಜೋಪಾನ ಮಾಡುವವರೂ ಬಹಳ ಜನರಿರುವದರಿಂದ ಈ ತಿಂಗಳ ಮಟ್ಟಿಗೆ ಆ ರೂಢಿಯನ್ನು ಬದಿಗಿರಿಸಿದ್ದೇವೆ.

ನಾವು ಹುಟ್ಟಿ ಬೆಳೆದದ್ದು ಇಳಕಲ್ಲ ಸೀಮೆಯಲ್ಲಿ. ಅಲ್ಲಿಯ ಕೆಂಪು ಕಗ್ಗಲ್ಲು ಈಗ ಹಲಗೆ ಹಲಗೆಯಾಗಿ ಕೊಯ್ಯಲ್ಪಟ್ಟು ದೇಶಾಂತರಗಳಿಗೆ ಹೋಗುವದು. ನಮ್ಮ ಬಾಲ್ಯದಲ್ಲಿ ಅದರ ಉಪಯೋಗವು ಬೇರೆ ಇತ್ತು. ಊರ ಹೊರಗಿನ ಗುಡ್ಡದಲ್ಲಿ ಒಂದು ಇಳಿಜಾರು ಬಂಡೆ. ತಲೆತಲಾಂತರದ ಹುಡುಗರು ಜಾರಿ ಜಾರಿ ಅದರ ನಡುವೆ ಕನ್ನಡಿಯಂಥ ಒಂದು ಪಟ್ಟಿ ಬಿದ್ದಿತ್ತು. ಶೀತದೇಶಗಳ ಮಕ್ಕಳು ಕಾಲಿಗೆ ಉದ್ದನ್ನ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವರಂತೆ. ಅದಕ್ಕೆ ಸ್ಕೀಯಿಂಗ್ ಎನ್ನುವರು. ನಮಗೆ ಹಿಮವೂ ಇಲ್ಲ, ಹಲಗೆಯೂ ಇಲ್ಲ. ಎಲೆ ದಟ್ಟವಾಗಿದ್ದ ಬೇವಿನ ಟೊಂಗೆಯೊಂದನ್ನು ಬುಡಕ್ಕೆ ಹಾಕಿಕೊಂಡು, ಮುಂದಿನ ತುದಿಯನ್ನು ಎರಡೂ ಕೈಯಿಂದ ಹಿಡಿದು ಬಿಟ್ಟುಕೊಟ್ಟರೆ ಕಣ್ಣು ಮುಚ್ಚಿ ತೆರೆಯುವದರೊಳಗೆ ಕೆಳಗಿನ ಮಣ್ಣಿನಲ್ಲಿ ಬಿದ್ದಿರುತ್ತಿದ್ದೆವು. ಮತ್ತೆ ಮೇಲಕ್ಕೆ ಓಟ. ಚಡ್ಡಿಯ ಹಿಂಭಾಗಕ್ಕೆ ನಮ್ಮ ತಾಯಿಯವರು ಹಚ್ಚಿದ ತೇಪೆಗಳಿಗೆ ಲೆಕ್ಕವಿರಲಿಲ್ಲ.

ಮುಂದೆ ಮಾಸ್ತರಿಕೆ ಮೊದಲು ಹುನಗುಂದ ತಾಲೂಕಿನಲ್ಲಿ. ಐಹೊಳೆಯ ಮೇಗುತಿಯ ಗುಡ್ಡಕ್ಕೆ ವರ್ಷಕ್ಕೊಮ್ಮೆ ಹುಡುಗರನ್ನು ಕರೆದೊಯ್ದು ಕ್ರಿ. ಶ. 634ರ ರವಿಕೀರ್ತಿಯ ಶಾಸನದ ಮುಂದೆ ನಿಲ್ಲಿಸುತ್ತಿದ್ದೆವು. ಆಮೇಲೆ ಬಾದಾಮಿ. ಅಲ್ಲಿ ಕಳೆದ ವರ್ಷಗಳಲ್ಲಿ ಬೆಟ್ಟವು ನಮಗೆ ಎರಡನೆಯ ಶಾಲೆಯಾಯಿತು. ಇಳಕಲ್ಲಿನ ಕಗ್ಗಲ್ಲು ಜಾರಿಸುವದು, ಬಾದಾಮಿಯ ಮರಳುಗಲ್ಲು ಕಾಲನ್ನು ಹಿಡಿಯುವದು; ಆದುದರಿಂದಲೇ ಚಳಿಗಾಲದಲ್ಲಿ ದೂರದೂರದ ತರುಣರು ಹಗ್ಗ ಕೊಕ್ಕೆಗಳೊಡನೆ ಬಂದು ಅಲ್ಲಿಯ ಗೋಡೆಯಂಥ ಬಂಡೆಗಳನ್ನು ಏರುತ್ತಾರೆ. ನಮ್ಮದು ಅಂಥ ಸಾಹಸವಲ್ಲ. ಅಗಸ್ತ್ಯತೀರ್ಥದ ದಂಡೆಯಿಂದ ಬಾವನ ಬಂಡೆಯ ಕೋಟೆಯನ್ನು ಇಕ್ಕಟ್ಟಾದ ಕಲ್ಲಿನ ಸಂದಿಯೊಳಗಿಂದ ಹತ್ತಿ ಮೇಲಿನ ಶಿವಾಲಯದವರೆಗೆ ಹೋಗುವದು. ಎದುರಿನ ಗುಡ್ಡದಲ್ಲಿ ಮಂಗಳೇಶನ, ಕ್ರಿ. ಶ. 578ರ ಶಾಸನವಿರುವ ಮೂರನೆಯ ಗವಿಯನ್ನು ನೋಡುವದು. ಮಳೆಗಾಲ ಮುಗಿದು ಹುಲ್ಲು ಹಸುರಾಗಿರುವಾಗ ಬೆಟ್ಟದ ಮೇಲಿಂದ ಮಹಾಕೂಟದವರೆಗೆ ನಡೆದು, ಪುಷ್ಕರಿಣಿಯಲ್ಲಿ ಮುಳುಗಿ, ಬುತ್ತಿಯ ರೊಟ್ಟಿ ತಿಂದು ಬರುವದು. ಮಹಾಕೂಟದ ಹಳೆಯ ಬಾಗಿಲಲ್ಲಿ ಎಲುಬಿನ ಹಂದರದಂಥ ಎರಡು ಮೂರ್ತಿಗಳಿವೆ. ಹುಡುಗರು ಅವುಗಳ ಪಕ್ಕೆಲುಬು ಎಣಿಸುವರು. ಈಚೆಗೆ ನಮಗೆ ಆ ಮೂರ್ತಿಗಳ ನೆನಪು ಅಡಿಗಡಿಗೆ ಬರುತ್ತದೆ.

ಬೇನೆಯು ತೋರಿದ್ದು ಬಾವನ ಬಂಡೆಯ ಎತ್ತರದ ಪಾವಟಿಗೆಗಳಲ್ಲಿಯೇ. ಎಡಗಾಲು ಏಳಲೊಲ್ಲದು. ಮೊದಲು ತೊಡೆಸಂದಿನಲ್ಲಿ ನೋವು, ಅಲ್ಲಿಂದ ಮೊಣಕಾಲಿನವರೆಗೆ. ಇದನ್ನು ವಾಚಕರು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು: ಟೊಂಕದ ಕೀಲಿನ ಬೇನೆಯು ಅನೇಕವೇಳೆ ಮೊಣಕಾಲಿನಲ್ಲಿ ಕಾಣಿಸಿಕೊಳ್ಳುವದು. ಆದಕಾರಣ ಮೊಣಕಾಲಿಗೆ ಎಣ್ಣೆ ತಿಕ್ಕಿಸುತ್ತ ವರ್ಷಗಳನ್ನು ಕಳೆಯುವವರು ಹಳ್ಳಿಗಳಲ್ಲಿ ಬಹಳ. ಕಾಲ ಉಗುರು ತೆಗೆಯಲು, ಚಪ್ಪಲಿಯ ಪಟ್ಟಿ ಬಿಗಿಯಲು ಬಗ್ಗುವದಾಗದಿದ್ದರೆ ಟೊಂಕವನ್ನೇ ಸಂಶಯಿಸಬೇಕು. ಸಂತೆಯಲ್ಲಿ ಸಿಕ್ಕುವ, ಹೆಸರಿಲ್ಲದ ನೋವಿನ ಪುಡಿಗಳನ್ನಂತೂ ಮುಟ್ಟಲಾಗದು. ಅಂಥವುಗಳಲ್ಲಿ ಸ್ಟೆರಾಯ್ಡು ಬೆರೆತಿರುವದುಂಟು. ಅದನ್ನು ಬಹುದಿನ ಸೇವಿಸಿದರೆ ತೊಡೆಯೆಲುಬಿನ ತಲೆಗೆ ರಕ್ತದ ಪೂರೈಕೆ ನಿಂತು, ಮೂವತ್ತು-ನಾಲ್ವತ್ತರ ಪ್ರಾಯದಲ್ಲಿಯೇ ಎಲುಬು ಕುಸಿಯಬಹುದು.

ಬೆಟ್ಟ ಹತ್ತಿದ್ದರಿಂದಲೇ ಹೀಗಾಯಿತೆಂದು ನೆರೆಹೊರೆಯವರ ತೀರ್ಪು. ಡಾಕ್ಟರರು ಅದನ್ನು ಒಪ್ಪಲಿಲ್ಲ. “ಮಾಸ್ತರ, ಬೆಟ್ಟದ ಮ್ಯಾಲೆ ತಪ್ಪು ಹೊರಸಬ್ಯಾಡ್ರಿ. ನಡದವರ ಕೀಲು ನಡದಿದ್ದಕ್ಕ ಸವಿಯೂದಿಲ್ಲ” ಎಂದರು. ನಮಗೆ ಇದರಿಂದ ಆದ ಸಮಾಧಾನವು ಔಷಧಿಯಿಂದಲೂ ಆಗಿರಲಿಲ್ಲ.

ಕೀಲನ್ನು ಬದಲಿಸುವ ವಿಚಾರವು ಹೊಸದಲ್ಲ. 1891ರಲ್ಲಿ ಬರ್ಲಿನ್ನಿನ ಗ್ಲುಕ್ ಎಂಬ ವೈದ್ಯನು ಆನೆಯ ದಂತದಿಂದ ತೊಡೆಯೆಲುಬಿನ ತಲೆಯನ್ನು ಮಾಡಿ ಕೂಡ್ರಿಸಿ ನೋಡಿದನು. ಇಂದಿನ ಪದ್ಧತಿಗೆ ಮೂಲಪುರುಷನು ಇಂಗ್ಲಂಡದ ಜಾನ್ ಚಾರ್ನ್ಲಿ. ಆತನು ಮೊದಲು ಟೆಫ್ಲಾನಿನ ಬಟ್ಟಲನ್ನು ಉಪಯೋಗಿಸಿದನು. ಅದು ಕೆಲವೇ ವರ್ಷಗಳಲ್ಲಿ ಸವೆದು ರೋಗಿಗಳಿಗೆ ತ್ರಾಸವಾಯಿತು. ಎದೆಗುಂದದೆ 1962ರಲ್ಲಿ ಪಾಲಿಥೀನಿನ ಜಾತಿಯ ಗಟ್ಟಿ ಬಟ್ಟಲಿಗೆ ಬಂದನು. ಈಗ ಟೊಂಕದ ಕುಣಿಯಲ್ಲಿ ಲೋಹದ ಚಿಪ್ಪು, ಅದರೊಳಗೆ ಪ್ಲ್ಯಾಸ್ಟಿಕಿನ ಒಳಪದರು, ತೊಡೆಯೆಲುಬಿನ ನಳಿಗೆಯೊಳಗೆ ಇಳಿಸುವ ಟೈಟೇನಿಯಮಿನ ಗೂಟ, ಗೂಟದ ಮೇಲೆ ಲೋಹದ ಇಲ್ಲವೆ ಪಿಂಗಾಣಿಯ ಗುಂಡು. ಕೆಲಸವು ಸಾಮಾನ್ಯವಾಗಿ ಒಂದೂವರೆ ತಾಸಿನೊಳಗೆ ಮುಗಿಯುವದು. ಬೆನ್ನಿನಲ್ಲಿ ಸೂಜಿ ಕೊಟ್ಟು ಕೆಳಭಾಗವನ್ನಷ್ಟೇ ಜಡಗೊಳಿಸುವದೂ ಉಂಟು. ಅದೇ ದಿನವೋ ಮರುದಿನವೋ ವಾಕರ್ ಹಿಡಿಸಿ ನಡೆಸುವರು. ಎಷ್ಟು ವರ್ಷ ಬಾಳುವದೆಂಬ ಪ್ರಶ್ನೆಗೆ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕವೊಂದುಂಟು: ನೂರಕ್ಕೆ ಸುಮಾರು 58 ಕೀಲುಗಳು 25 ವರ್ಷ ಬಾಳಿದವು. ನಮ್ಮ ಪ್ರಾಯಕ್ಕೆ ಅಷ್ಟನ್ನು ಕೂಡಿಸಿ ನೋಡಿದೆವು, ಸಾಕೆನಿಸಿತು. ಹಿಂದೆ ಈ ಭಾಗದವರು ದೊಡ್ಡ ಶಸ್ತ್ರಕ್ರಿಯೆಯೆಂದರೆ ಮಿರಜಿಯ ಹಾದಿ ಹಿಡಿಯುತ್ತಿದ್ದರು. ಈಗ ಬಾಗಲಕೋಟೆಯಲ್ಲಿಯೇ ವೈದ್ಯಕೀಯ ಕಾಲೇಜು ಇರುವದು. ಬಡವರು ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯ ಸಹಾಯವನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ವ್ಯಾಕರಣ ಕಲಿಸಿದವನಿಗೆ ಸಂಧಿಯೆಂದೊಡನೆ ಲೋಪ, ಆಗಮ, ಆದೇಶಗಳು ನೆನಪಾಗದೆ ಇರವು. ಮಳೆ, ಕಾಲ ಇವು ಕೂಡಿ ಮಳೆಗಾಲವಾಗುವಾಗ ಕಕಾರದ ಸ್ಥಾನಕ್ಕೆ ಗಕಾರವು ಬರುವದು, ಅರ್ಥಕ್ಕೆ ಕೊರತೆಯಾಗುವದಿಲ್ಲ. ಪಾಣಿನಿಯು ಇನ್ನೂ ಸೂಕ್ಷ್ಮವಾಗಿ, ಆದೇಶವು ತಾನು ಯಾವದರ ಸ್ಥಾನಕ್ಕೆ ಬಂದಿತೋ ಅದರಂತೆಯೇ ನಡೆದುಕೊಳ್ಳುವದು, ಆದರೆ ಮೂಲ ಅಕ್ಷರವನ್ನೇ ಅವಲಂಬಿಸಿದ ಕಾರ್ಯಗಳಲ್ಲಿ ಮಾತ್ರ ಹಾಗಲ್ಲ ಎಂದು ವಿಧಿಸಿದನು. ಲೋಹದ ಕೀಲಿನ ವಿಷಯದಲ್ಲಿಯೂ ಇದೇ ನ್ಯಾಯ. ನಡೆಯುವದು, ನಿಲ್ಲುವದು, ಪಾವಟಿಗೆ ಏರುವದು, ನಿದ್ರೆ ಮಾಡುವದು, ಇವುಗಳಲ್ಲಿ ಅದು ಮೂಲದಂತೆಯೇ. ನೆಲದ ಮೇಲಿನ ಬಾಳಿನಲ್ಲಿ ಮಾತ್ರ ಹಾಗಲ್ಲ. (ಹಳೆಯ ಬಾಗಲಕೋಟೆಯ ಬಹುಭಾಗವು ಆಲಮಟ್ಟಿಯ ಹಿನ್ನೀರಿಗೆ ಸಂದು ನವನಗರವು ಬಂದಿತಷ್ಟೆ, ಅಲ್ಲಿಯೂ ಸಂತೆ, ಶಾಲೆ, ಕಚೇರಿ ಎಲ್ಲವೂ ನಡೆಯುತ್ತವೆ, ಕಟ್ಟೆಯ ಮೇಲಿನ ಹರಟೆಯೊಂದು ಬರಲಿಲ್ಲ.)

ಈ ಮಾತನ್ನು ಡಾಕ್ಟರರು ಅವಸರದಲ್ಲಿ ಹೇಳಿಬಿಡುವರು, ಮನೆಯವರು ಅವಸರದಲ್ಲಿ ಕೇಳಿಬಿಡುವರು. ಸ್ವಲ್ಪ ವಿಸ್ತರಿಸುವದು ಅವಶ್ಯ. ಕೀಲನ್ನು ಹಿಂದಿನಿಂದ ತೆರೆದು ಬದಲಿಸಿದ ಪಕ್ಷದಲ್ಲಿ ಮೊದಲ 6ರಿಂದ 12 ವಾರಗಳವರೆಗೆ ಟೊಂಕವನ್ನು ಕಾಟಕೋನಕ್ಕಿಂತ ಹೆಚ್ಚು ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಆ ಕಾಲನ್ನು ಒಳಕ್ಕೆ ತಿರುವಬಾರದು; ಮಾಡಿದರೆ ಗುಂಡು ಬಟ್ಟಲಿನಿಂದ ಹೊರಬೀಳುವ ಭಯವುಂಟು. ಆ ಅವಧಿಯ ನಂತರವೂ ಕುಕ್ಕರಗಾಲಿನಲ್ಲಿ ಕೂಡ್ರುವದನ್ನು ಅನೇಕ ಡಾಕ್ಟರರು ಬೇಡವೆನ್ನುವರು. ಕುರ್ಚಿ ಮೇಜುಗಳ ದೇಶದಲ್ಲಿ ಇದು ಸಣ್ಣ ನಿರ್ಬಂಧ. ನಮ್ಮಲ್ಲಿ ಊಟಕ್ಕೆ ಮಣೆ, ಪೂಜೆಗೆ ಮಣೆ, ಪಾಠಕ್ಕೆ ಚಾಪೆ, ಶೌಚಕ್ಕೆ ಕುಕ್ಕರಗಾಲು. ಹೆಂಗಸರಿಗಂತೂ ಇನ್ನೂ ಹೆಚ್ಚು: ರಂಗೋಲಿ, ಕಾಳು ಹಸನು ಮಾಡುವದು, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವದು. ಮನೆಯ ಹಿರಿಯಳಿಗೆ ಈ ಶಸ್ತ್ರಕ್ರಿಯೆಯಾಗುವ ಪ್ರಸಂಗ ಬಂದರೆ ಒಲೆಯನ್ನು ನಿಂತು ಮಾಡುವ ಎತ್ತರಕ್ಕೆ ಏರಿಸದೆ ಆಕೆಯನ್ನು ದವಾಖಾನೆಗೆ ಕಳಿಸುವದು ಅನ್ಯಾಯವೆಂದು ನಾವು ಸ್ಪಷ್ಟವಾಗಿ ಹೇಳುವೆವು.

ಇಳಕಲ್ಲಿನಲ್ಲಿ ನೇಕಾರಿಕೆಯ ನಮ್ಮ ಬಾಲ್ಯಸ್ನೇಹಿತರೊಬ್ಬರಿಗೆ ಎರಡು ವರ್ಷದ ಹಿಂದೆ ಇದೇ ಕೀಲು ಬದಲಾಯಿತು. ಅವರನ್ನು ಕಂಡುಬಂದೆವು. ಕುಣಿಮಗ್ಗದಲ್ಲಿ ನೇಯುವವನು ನೆಲದ ಮಟ್ಟದಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟಿರುವನಾದ್ದರಿಂದ ಕುಳಿತ ಮೇಲೆ ಅದು ಕುರ್ಚಿಯಂತೆಯೇ. ಸಂಕಟವೆಲ್ಲ ಇಳಿಯುವಾಗ, ಏಳುವಾಗ. ಅವರು ಕುಣಿಯ ಅಂಚಿಗೆ ದಪ್ಪನೆಯ ಹಲಗೆ ಹಾಸಿ ಎತ್ತರ ಮಾಡಿದ್ದಾರೆ, ಮೇಲಿನ ತೊಲೆಗೆ ಹಗ್ಗ ಕಟ್ಟಿದ್ದಾರೆ. ದಿನಕ್ಕೆ ಎರಡು ತಾಸು ಮಾತ್ರ ಕೂಡ್ರುತ್ತಾರೆ. ಸೆರಗಿನ ಟೋಪು ತೆನೆಯ ಕೆಲಸ ಮಗನದು. “ಸಂತಿಗೆ ನಡಕೋತ ಹೋಗಿ ಬರ್ತೀನಿ, ರಾತ್ರಿ ನಿದ್ದಿ ಹತ್ತತೈತಿ. ಪಂಗ್ತಿಯೊಳಗ ಕುಂದ್ರಾಕ ಆಗೂದಿಲ್ಲ, ಅಷ್ಟೇ ನೋಡ್ರಿ” ಎಂದರು. ಆ ‘ಅಷ್ಟೇ’ ಎಂಬ ಮಾತನ್ನು ಅವರು ಸ್ವಲ್ಪ ತಡೆದು ಹೇಳಿದರು.

ಸಿದ್ಧತೆಯು ಎರಡು ತಿಂಗಳಿನಿಂದ ನಡೆದಿದೆ. ಮೊದಲು ಕೋಲು. ನೋವಿರುವ ಬದಿಯ ಕೈಯಲ್ಲಿ ಕೋಲು ಹಿಡಿಯುವದು ಲೋಕರೂಢಿ. ಹಿಡಿಯಬೇಕಾದದ್ದು ಎದುರು ಬದಿಯ ಕೈಯಲ್ಲಿ. ಒಂಟಿಕಾಲಿನಲ್ಲಿ ನಿಂತಾಗ ಆ ಟೊಂಕದ ಮೇಲೆ ದೇಹತೂಕದ ಎರಡೂವರೆ ಮೂರು ಪಟ್ಟು ಭಾರ ಬೀಳುವದು. ಎದುರುಗೈಯ ಕೋಲು ಅದನ್ನು ಬಹಳ ಕಡಿಮೆ ಮಾಡುವದು. ಪಾವಟಿಗೆ ಏರುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಬೇನೆಯ ಕಾಲು ಮುಂದೆ. ನಿತ್ಯವೂ ಮಲಗಿ ತೊಡೆಯ ಸ್ನಾಯುಗಳನ್ನು ಬಿಗಿದು ಬಿಡುವದು, ಹಿಮ್ಮಡಿಯನ್ನು ಮೇಲೆ ಕೆಳಗೆ ಆಡಿಸುವದು, ಕುರ್ಚಿಯ ಕೈಗಳನ್ನು ಒತ್ತಿ ಏಳುವದು, ಇಷ್ಟು ವ್ಯಾಯಾಮ. ಕಡೆಯದು ತೋಳಿನ ಬಲಕ್ಕೆ. ವಾಕರಿನ ಮೇಲೆ ಭಾರ ಹಾಕುವದು ತೋಳುಗಳೇ ಅಷ್ಟೆ. ಹಲ್ಲು ಹುಳುಕಾಗಿದ್ದರೆ ಮೊದಲೇ ತೋರಿಸಬೇಕು. ಮೂತ್ರದಲ್ಲಿ, ಚರ್ಮದಲ್ಲಿ ಸೋಂಕಿದ್ದರೆ ಮೊದಲೇ ವಾಸಿಯಾಗಬೇಕು, ಏಕೆಂದರೆ ಅಲ್ಲಿಯ ಕ್ರಿಮಿಯು ರಕ್ತದಲ್ಲಿ ಹರಿದು ಹೊಸ ಕೀಲಿನಲ್ಲಿ ಮನೆಮಾಡಿದರೆ ಅದನ್ನು ಕಳೆಯುವದು ಮಹಾಕಷ್ಟ. ಸಕ್ಕರೆ ರೋಗ ಹತೋಟಿಯಲ್ಲಿರಬೇಕು. ತಂಬಾಕು ಬಿಡಬೇಕು. ರಕ್ತ ತಿಳಿಯಾಗಿಸುವ ಗುಳಿಗೆಯಿರಲಿ, ನಾಟಿ ಕಷಾಯವಿರಲಿ, ಡಾಕ್ಟರರಿಗೆ ಮುಚ್ಚಿಡಬಾರದು.

ಇನ್ನು ಮನೆ. ಇದರ ಯಜಮಾನಿಕೆ ನಮ್ಮ ಮನೆಯವರದು. ನಾವು ಹೇಳಿದಂತೆ ಕೇಳುವವರು. ಮಂಚದ ಕಾಲಿಗೆ ಗಟ್ಟಿಗಳನ್ನಿಟ್ಟು ಎತ್ತರಿಸಿದರು. ನೆಲದ ಮೇಲಿನ ಕೌದಿ, ಚಾಪೆಗಳು ಮಾಳಿಗೆ ಸೇರಿದವು. ವಾಕರಿನ ಕಾಲಿಗೆ ಅವು ತೊಡರುವವು. ಬಚ್ಚಲಿನ ಗೋಡೆಗೆ ಹಿಡಿಕೆ, ಶೌಚಕ್ಕೆ ಎತ್ತರದ ಕಮೋಡು ಬಂದವು. ದಿನಬಳಕೆಯ ಪುಸ್ತಕಗಳನ್ನು ಕೆಳಗಿನ ಗೂಡಿನಿಂದ ಎದೆಯ ಮಟ್ಟಕ್ಕೆ ಏರಿಸಿದರು, ಅಮರಕೋಶವೊಂದನ್ನು ಎಲ್ಲಿಟ್ಟಿದ್ದಾರೋ ಇನ್ನೂ ಸಿಕ್ಕಿಲ್ಲ. ದೇವರ ಮನೆಯಲ್ಲಿ ಚರ್ಚೆಯಾಯಿತು. ಕುರ್ಚಿಯ ಮೇಲೆ ಕುಳಿತು ಸಂಧ್ಯಾವಂದನೆ ಮಾಡಬಹುದೇ ಎಂದು ನಾವು ಸಂಕೋಚಪಟ್ಟಾಗ, “ದೇವರಿಗೆ ನಿಮ್ಮ ಮಂತ್ರ ಬೇಕೋ, ನಿಮ್ಮ ಮಣಿ ಬೇಕೋ?” ಎಂದು ಅವರು ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. ಮಣೆಯು ಈಗ ತುಳಸಿಕಟ್ಟೆಯ ಹತ್ತಿರ ಮೊಮ್ಮಗನ ಸ್ವಾಧೀನದಲ್ಲಿದೆ.

ಡಾಕ್ಟರರಲ್ಲಿ ನಾವು ಕೇಳಿದ ಕಡೆಯ ಪ್ರಶ್ನೆಯು ಬೆಟ್ಟದ್ದು. ಸ್ಕೀಯಿಂಗ್ ಮೊದಲೇ ಬಲ್ಲವರಿಗೆ ಕೀಲು ಬದಲಾದ ಮೇಲೂ ಸಣ್ಣ ಇಳಿಜಾರಿನಲ್ಲಿ ಜಾರಲು ಅಲ್ಲಿಯ ವೈದ್ಯರು ಅನುಮತಿ ಕೊಡುವದುಂಟು, ಹೊಸದಾಗಿ ಕಲಿಯುವವರಿಗೆ ಮಾತ್ರ ಬೇಡವೆನ್ನುವರು ಎಂದು ಅವರೇ ತಿಳಿಸಿದರು. ನಮಗೂ ಅದೇ ಪ್ರಮಾಣ. ಆರು ತಿಂಗಳು ಕಳೆದ ಮೇಲೆ ಕೋಲು ಹಿಡಿದು ಗವಿಗಳ ಪಾವಟಿಗೆ ಏರಬಹುದು. ಮಹಾಕೂಟದ ಹಾದಿಯನ್ನು ಜೊತೆಗಾರರಿದ್ದರೆ ಸಾವಕಾಶವಾಗಿ ನಡೆಯಬಹುದು. ಬಂಡೆಯಿಂದ ಬಂಡೆಗೆ ಹಾರುವದು ಮುಗಿಯಿತು. ಬೇವಿನ ಟೊಂಗೆಯ ಮಾತನ್ನು ನಾವು ಎತ್ತಲಿಲ್ಲ.

ಬನಶಂಕರಿಯ ಜಾತ್ರೆ ಮುಗಿದ ಮರುವಾರಕ್ಕೆ ದಿನ ಗೊತ್ತಾಗಿದೆ. ಮುಂದಿನ ತಿಂಗಳ ಪುಟವನ್ನು ಈಗಲೇ ಬರೆದು ಸಂಪಾದಕರಿಗೆ ಒಪ್ಪಿಸಿದ್ದೇವೆ. ಅದರಲ್ಲಿ ಗುಳೇದಗುಡ್ಡದ ಖಣದ ವಿಷಯವಿರುವದು. ವಾಚಕರ ಪತ್ರಗಳಿಗೆ ಉತ್ತರವು ಎರಡು ತಿಂಗಳು ತಡವಾದೀತು.